ಹಳೇ ಮರದ ಕಂಬಕ್ಕೆ ಅಲ್ಟ್ರಾಸೋನಿಕ್ ಪರೀಕ್ಷೆ: ಪ್ರೋಬಿಗೆ ಏನು ಹಚ್ಚಬೇಕು?

ಪ್ರಶ್ನೆ: ಸರ್, ನಾನು ಸಿವಿಲ್ ಎಂಜಿನಿಯರ್. ಸಾಗರದ ಹತ್ತಿರ ಒಂದು ತೊಟ್ಟಿಮನೆಯ ರಿಪೇರಿ ಕೆಲಸ ಬಂದಿದೆ. ಹಲಸಿನ ಕಂಬಗಳ ಒಳಗೆ ಗೆದ್ದಲು ಹಿಡಿದಿದೆಯಾ ನೋಡಬೇಕು. ನಮ್ಮಲ್ಲಿರೋದು ಕಾಂಕ್ರೀಟ್ ಪರೀಕ್ಷೆಯ 54 ಕಿಲೋಹರ್ಟ್ಸ್ ಉಪಕರಣ. ಅದರ ಎರಡು ಪ್ರೋಬ್‌ಗಳಿಗೆ (ಒಂದು ಸದ್ದು ಕಳಿಸುತ್ತೆ, ಇನ್ನೊಂದು ಹಿಡಿಯುತ್ತೆ) ಗ್ರೀಸ್ ಹಚ್ಚಿ 20 ಸೆಂ.ಮೀ. ದಪ್ಪದ ಕಂಬಕ್ಕೆ ಅಡ್ಡಡ್ಡ ಹಿಡಿದರೆ, ಸದ್ದು ದಾಟೋ ಸಮಯ ಅದೇ ಜಾಗದಲ್ಲಿ ಒಮ್ಮೆ 130 ಮೈಕ್ರೋಸೆಕೆಂಡ್, ಒಮ್ಮೆ 167. ಕಲೆ ಬೇರೆ ಉಳೀತು, ಮನೆಯವರ ಹತ್ತಿರ ಬೈಸಿಕೊಂಡೆ.

ಉತ್ತರ: ಉಪಕರಣ ಸರಿಯಾಗಿದೆ. ಉಕ್ಕಿಗೆ ಬಳಸುವ ಮೆಗಾಹರ್ಟ್ಸ್ ಪ್ರೋಬ್ ಆಗಿದ್ದರೆ ಸದ್ದು ಕಂಬದೊಳಗೇ ಇಂಗಿಹೋಗ್ತಿತ್ತು.

ನಿಮ್ಮ ಎರಡು ಅಂಕಿ ನೋಡಿ: ವ್ಯತ್ಯಾಸ 37. 54 ಕಿಲೋಹರ್ಟ್ಸಿನ ಒಂದು ಅಲೆಗೆ ಸುಮಾರು 18.5 ಮೈಕ್ರೋಸೆಕೆಂಡ್. ಅಂದರೆ ಸರಿಯಾಗಿ ಎರಡು ಅಲೆ! ಇದು ಗೆದ್ದಲಿಗಿಂತ ಹೆಚ್ಚಾಗಿ ಪ್ರೋಬ್ ಸರಿಯಾಗಿ ಕೂರದ ಲಕ್ಷಣ. ನಡುವೆ ಗಾಳಿ ಉಳಿದರೆ ಸಿಗ್ನಲ್ ಸೊರಗುತ್ತೆ, ಮೊದಲ ಅಲೆ ಉಪಕರಣ ಗುರುತಿಸುವಷ್ಟು ಜೋರಾಗಿರೋದಿಲ್ಲ, ಮುಂದಿನದಕ್ಕೆ ಗಡಿಯಾರ ನಿಲ್ಲುತ್ತೆ. 130 ಅಂದರೆ ಸೆಕೆಂಡಿಗೆ 1540 ಮೀಟರ್. ನಾರಿಗೆ ಅಡ್ಡಲಾಗಿ ಗಟ್ಟಿಮರಕ್ಕೆ ಅದು ಒಪ್ಪುವ ವೇಗ. 167 ನಂಬಿದ್ದರೆ 1200ರ ಆಸುಪಾಸು, ವೇಗ ಕಡಿಮೆ, ಒಳಗೆ ಟೊಳ್ಳು ಅಂದುಕೊಂಡು ಒಳ್ಳೇ ಕಂಬ ಕಿತ್ತು ಹಾಕಿಸ್ತಿದ್ರಿ. ಆದ್ದರಿಂದ ಬರೀ ಅಂಕಿ ಬರೆದುಕೊಳ್ಳಬೇಡಿ, ಉಪಕರಣಕ್ಕೆ ಸ್ಕ್ರೀನ್ ಇದ್ದರೆ ಅದರಲ್ಲಿ ಅಲೆಯನ್ನೂ ನೋಡಿ. ಇನ್ನಷ್ಟು ಒತ್ತಿ ಹಿಡಿದಾಗ ಸಮಯ ಇಳಿದರೆ ತಪ್ಪು ಕಂಬದ್ದಲ್ಲ.

ಗ್ರೀಸ್ ಬಿಡಿ. ಎಣ್ಣೆ ಕುಡಿದ ಜಾಗಕ್ಕೆ ಆಮೇಲೆ ಪಾಲಿಶೂ ಹಿಡಿಯೋದಿಲ್ಲ. ಒಂದೆರಡು ಮಿಲಿಮೀಟರ್ ದಪ್ಪದ ಮೆತ್ತನೆ ಸಿಲಿಕೋನ್ ರಬ್ಬರ್ ಹಾಳೆ ಪ್ರೋಬಿಗೆ ಇಟ್ಟು ಬಲವಾಗಿ, ಪ್ರತಿ ಸಲ ಒಂದೇ ಸಮ ಒತ್ತಿ. ರಬ್ಬರೂ ಸಮಯ ತಿನ್ನುತ್ತೆ. ಹಾಳೆಗಳ ಸಮೇತ ಪ್ರೋಬ್‌ಗಳನ್ನು ಮುಖಾಮುಖಿ ಹಿಡಿದು ಸೊನ್ನೆ ಮಾಡಿಕೊಂಡು ಶುರುಮಾಡಿ.

ಪ್ರಶ್ನೆ: ಸ್ಕ್ಯಾನಿಂಗ್ ಸೆಂಟರಿನ ಜೆಲ್ ಆಗಲ್ವಾ ಸರ್? ತೊಳೆದರೆ ಹೋಗುತ್ತಲ್ಲ.

ಉತ್ತರ: ವಾರ್ನಿಶ್ ಗಟ್ಟಿಯಾಗಿರೋ ಕಡೆ ಆಗುತ್ತೆ, ತಕ್ಷಣ ಒರೆಸಿಬಿಡಿ. ಬರೀ ಮರಕ್ಕೆ ಬೇಡ, ಜೆಲ್ಲಿನಲ್ಲಿರೋದು ಹೆಚ್ಚಾಗಿ ನೀರೇ. ತೇವ ಸುಮಾರು ಶೇ. 30 ಮುಟ್ಟೋವರೆಗೆ, ಶೇ. 1 ಏರಿದರೆ ವೇಗ ಹೆಚ್ಚುಕಡಿಮೆ ಅಷ್ಟೇ ಶೇಕಡಾ ಇಳಿಯುತ್ತೆ. ಮಲೆನಾಡಿನ ಮಳೆಗಾಲದಲ್ಲಂತೂ ತೇವದ ಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಪ್ರಶ್ನೆ: ಎರಡು ಕಂಬಕ್ಕೆ ಕೆತ್ತನೆ ಇದೆ, ಚಪ್ಪಟೆ ಪ್ರೋಬ್ ಕೂರ್ತಿಲ್ಲ.

ಉತ್ತರ: ಚೂಪು ಮೂತಿಯ ಪ್ರೋಬ್ ಸಿಗುತ್ತೆ, ಅದಕ್ಕೆ ಏನೂ ಹಚ್ಚಬೇಕಿಲ್ಲ. ತುದಿ ಕೆತ್ತನೆಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಮೊದಲು ಕಂಬ ಕಲ್ಲಿನ ಮೇಲೆ ಕೂತಿರೋ ಬುಡ ನೋಡಿ, ಗೆದ್ದಲು ಸಾಮಾನ್ಯವಾಗಿ ಏರೋದು ಅಲ್ಲಿಂದಲೇ.