ಬೋ ಟೈ ‘ಸೈಜು’ ಅಂದರೆ ಕೊರಳಿನದೋ, ಮುಖದ್ದೋ?

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನನಗೆ ಪರಿಚಯದ ಟೇಲರ್ ಒಬ್ಬರಿದ್ದಾರೆ. ಸೂಟು ಹೊಲಿಯುತ್ತಾರೆ, ಬಾಡಿಗೆಗೂ ಕೊಡುತ್ತಾರೆ. ಚರ್ಚಿನಲ್ಲಿ ಮದುವೆ ಇದ್ದರೆ ಗಿರಾಕಿ ಜಾಸ್ತಿ. ಬೋ ಟೈ, ಅಂದರೆ ಕೊರಳ ಮುಂದೆ ಚಿಟ್ಟೆಯ ಆಕಾರದಲ್ಲಿ ಕಟ್ಟುವ ಟೈ, ಹೇಗೆ ಆರಿಸಬೇಕು ಅಂತ ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ, ಅಂಗಡಿಯಲ್ಲಿ ತೂಗುಹಾಕುತ್ತೇನೆ ಅಂದರು. ಬರೆಯಲು ಕೂತರೆ ‘ಸೈಜು’ ಅನ್ನುವ ಒಂದೇ ಪದದಲ್ಲಿ ಸಿಕ್ಕಿಬಿದ್ದಿದ್ದೇನೆ.

ಆ ಅಂಗಡಿಯಲ್ಲಿ ನಡೆಯುವ ಮಾತು ಹೀಗಿರುತ್ತದೆ. ‘ಸೈಜು ಎಷ್ಟು?’ ಅಂತ ಇವರು ಕೇಳುತ್ತಾರೆ. ಹುಡುಗ ‘ಹದಿನೈದೂವರೆ’ ಅನ್ನುತ್ತಾನೆ. ಪಕ್ಕದಲ್ಲಿ ನಿಂತ ಅವನ ಅಕ್ಕ ‘ಅಯ್ಯೋ, ಇವನ ಮುಖ ಸಣ್ಣದು, ಸಣ್ಣ ಸೈಜು ಕೊಡಿ’ ಅನ್ನುತ್ತಾಳೆ. ಇಬ್ಬರ ಮಾತೂ ಸರಿಯೇ. ಅವನು ಹೇಳಿದ್ದು ಕೊರಳಿನ ಅಳತೆ, ಅವಳು ಹೇಳಿದ್ದು ಮುಂದೆ ಕಾಣುವ ಚಿಟ್ಟೆಯ ಅಳತೆ.

ಕೊರಳಿನದು ಸುಲಭ. ಕಾಲರಿನ ಗುಂಡಿ ಕೂರುವ ಜಾಗದಲ್ಲಿ ಟೇಪು ಸುತ್ತಿ, ಒಳಗೆ ಒಂದು ಬೆರಳು ಆಡುವಷ್ಟು ಸಡಿಲ ಬಿಟ್ಟರೆ ಆಯಿತು. ಇಲ್ಲವೇ ಸರಿಯಾಗಿ ಕೂರುವ ಶರ್ಟೊಂದರ ಕಾಲರ್ ಬಿಚ್ಚಿ ಹರಡಿ, ಗುಂಡಿಯ ನಡುವಿನಿಂದ ಕಾಜದ ಆಚೆ ತುದಿಯವರೆಗೆ ಅಳೆಯಬಹುದು. ಬೋ ಟೈ ಪಟ್ಟಿಯ ಹಿಂದೆ 14ರಿಂದ 18ರವರೆಗೋ ಏನೋ ಅಂಕಿ ಹಾಕಿರುತ್ತಾರಲ್ಲ, ಅದು ಇದೇ ಅಳತೆ, ಇಂಚಿನಲ್ಲಿ. ಆದರೆ ನಮ್ಮಲ್ಲಿ ಸಿಗುವ ಹಲವು ಬ್ರಾಂಡ್ ಶರ್ಟುಗಳ ಮೇಲೆ ಇರುವ 39, 40, 42 ಕೂಡ ಕೊರಳಿನದೇ, ಸೆಂಟಿಮೀಟರಿನಲ್ಲಿ. 39 ಅಂದರೆ ಹೆಚ್ಚುಕಡಿಮೆ ಹದಿನೈದೂವರೆ ಇಂಚು. ಗೊತ್ತಿಲ್ಲದವರು ಅದನ್ನು ಎದೆಯ ಅಳತೆ ಅಂದುಕೊಳ್ಳುತ್ತಾರೆ. ಇದಕ್ಕೆ ‘ಕೊರಳ ಸುತ್ತಳತೆ’ ಅಂತ ಬರೆದಿದ್ದೇನೆ, ಯಾರ ತಕರಾರೂ ಇರಲಿಕ್ಕಿಲ್ಲ.

ಕಷ್ಟ ಇರುವುದು ಎರಡನೆಯದರಲ್ಲಿ. ಕಟ್ಟಿದ ಮೇಲೆ ಚಿಟ್ಟೆ ಎಡತುದಿಯಿಂದ ಬಲತುದಿಗೆ ಎಷ್ಟು ಇರಬೇಕು ಅನ್ನುವುದಕ್ಕೆ ಹಳೆಯ ಲೆಕ್ಕ ಒಂದಿದೆ: ಎರಡೂ ಕಣ್ಣುಗಳ ಹೊರತುದಿಗಿಂತ ಒಳಗೆ ಬರಬಾರದು, ಮುಖದ ಅಂಚು ದಾಟಿ ಹೊರಗೂ ಹೋಗಬಾರದು. ಅಗಲ ಮುಖದವರು ಚಿಕ್ಕದು ಹಾಕಿದರೆ ಮಗುವಿನದು ಕಿತ್ತುಕೊಂಡು ಹಾಕಿದ ಹಾಗೆ ಕಾಣುತ್ತದೆ, ಸಣ್ಣ ಮುಖದವರು ದೊಡ್ಡದು ಹಾಕಿದರೆ ಟೈ ಮಾತ್ರ ಕಾಣುತ್ತದೆ.

ಇದನ್ನು ಮೊದಲು ‘ಅಗಲ’ ಅಂತಲೇ ಬರೆಯಲು ಹೊರಟೆ. ಅಲ್ಲೇ ತೊಡಕು. ಕಟ್ಟದೆ ಮೇಜಿನ ಮೇಲೆ ಉದ್ದಕ್ಕೆ ಬಿಡಿಸಿಟ್ಟಾಗ ಬಟ್ಟೆಯ ಪಟ್ಟಿಗೂ ಒಂದು ಅಗಲ ಇರುತ್ತದಲ್ಲ, ಡಬ್ಬಿಯ ಮೇಲೆ ಅಗಲ ಎರಡೂವರೆ ಇಂಚು ಅಂತ ಹಾಕುವುದು ಅದನ್ನು. ಕಟ್ಟಿದ ಮೇಲೆ ಅದೇ ಚಿಟ್ಟೆಯ ಎತ್ತರವಾಗಿಬಿಡುತ್ತದೆ! ಬಟರ್‌ಫ್ಲೈ ಅನ್ನುವ ಉಬ್ಬಿದ ಮಾದರಿಯಲ್ಲಿ ಇದು ಎರಡೂವರೆಯಿಂದ ಮೂರು ಇಂಚಿನ ಆಸುಪಾಸು. ಬ್ಯಾಟ್‌ವಿಂಗ್ ಅನ್ನುವ ನೇರ ಪಟ್ಟಿಯ ಮಾದರಿಯಲ್ಲಿ ಎರಡು ಇಂಚೂ ದಾಟುವುದು ಕಡಿಮೆ. ಹೀಗಿರುವಾಗ ಎರಡಕ್ಕೂ ‘ಅಗಲ’ ಅಂದರೆ ಓದಿದವನು ಏನು ಕೊಳ್ಳಬೇಕು? ಮಲಗಿದ ಪಟ್ಟಿಯ ಅಳತೆಗೆ ಬಟ್ಟೆ ಅಂಗಡಿಯವರ ‘ಪನ್ನ’ ಆಗಬಹುದೇನೋ ಅನ್ನಿಸಿತು, ಆದರೆ ಅದು ತಾನಿನ ಬಟ್ಟೆಗೆ ಹೇಳುವ ಮಾತು, ಇಷ್ಟು ಸಣ್ಣ ಪಟ್ಟಿಗೆ ಹೇಳಿದರೆ ನಗುತ್ತಾರೆ. ಸದ್ಯಕ್ಕೆ ಅದು ‘ಪಟ್ಟಿಯ ಅಗಲ’, ಕಟ್ಟಿದ ಮೇಲಿನದು ‘ಹರವು’ ಅಂತ ಇಟ್ಟುಕೊಂಡಿದ್ದೇನೆ. ಹರವು ನನಗೆ ಹಿಡಿಸಿದೆ. ಟೇಲರ್ ಮಾತ್ರ ‘ಇದು ಹೊಳೆಗೆ ಹೇಳೋದಲ್ವಾ?’ ಅಂದರು.

ಇನ್ನೊಂದು ವಿಷಯ, ಎರಡು ಅಳತೆಗಳೂ ಪೂರ್ತಿ ಬೇರೆಬೇರೆಯಲ್ಲ. ಕೈಯಿಂದ ಕಟ್ಟುವ ಟೈಯಲ್ಲಿ ಹಿಂದಿನ ಕೊಕ್ಕೆಯನ್ನು ಹದಿನೈದೂವರೆ ಕೊರಳಿಗೆ ಹದಿನಾರೂವರೆಗೆ ಹಾಕಿ ನೋಡಿ. ಕೊರಳಿಗೆ ಬೇಡವಾದ ಉದ್ದವೆಲ್ಲ ಮುಂದೆ ಬಂದು ಚಿಟ್ಟೆ ದೊಡ್ಡದಾಗುತ್ತದೆ, ಜೋತೂ ಬೀಳುತ್ತದೆ. ಮೊದಲೇ ಕಟ್ಟಿ ಹೊಲಿದಿರುವ ಟೈಗೆ, ಕ್ಲಿಪ್ಪಿನದಕ್ಕೆ ಈ ರಗಳೆ ಇಲ್ಲ, ಹರವು ನೋಡಿದರೆ ಸಾಕು.

ಹೆಸರಿನ ಬಗ್ಗೆಯೂ ಒಂದು ಮಾತು. ಕೆಲವರು ‘ಬೌ ಟೈ’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ತಲೆಬಾಗುವುದು ಬೌ, ಈ ಗಂಟು ಬೋ. ‘ಬಿಲ್ಲು ಟೈ’ ಅನ್ನುವುದಂತೂ ಬೇಡವೇ ಬೇಡ, ಬಾಣ ಎಲ್ಲಿ ಅಂತ ಕೇಳುತ್ತಾರೆ. ‘ಚಿಟ್ಟೆ ಟೈ’ ಚೆನ್ನಾಗಿದೆ, ಆದರೆ ಬಟರ್‌ಫ್ಲೈ ಅನ್ನುವುದು ಅದರೊಳಗಿನ ಒಂದು ಮಾದರಿಯ ಹೆಸರು, ಆಗ ಚಿಟ್ಟೆ ಟೈಯಲ್ಲಿ ಚಿಟ್ಟೆ ಮಾದರಿ ಅನ್ನಬೇಕಾಗುತ್ತದೆ. ಬೋ ಟೈ ಅಂತಲೇ ಬಿಟ್ಟಿದ್ದೇನೆ.

ಈಗ ನನ್ನ ಪ್ರಶ್ನೆಗಳು. ‘ಸುತ್ತಳತೆ’, ‘ಹರವು’ ಈ ಜೋಡಿ ಅಂಗಡಿಯ ಗೋಡೆಯ ಮೇಲೆ ನಡೆಯುತ್ತದೆಯೇ, ಅಥವಾ ‘ಕೊರಳ ಸೈಜು’, ‘ಚಿಟ್ಟೆ ಸೈಜು’ ಅಂತ ಸುಮ್ನೆ ಬರೆದುಬಿಡಲೇ? ಕಟ್ಟುವ ಗಂಟಿಗೂ ಒಂದು ಪದ ಬೇಕು. ಲಂಗದ ಲಾಡಿ ಕಟ್ಟಿದ ಹಾಗೆ, ಒಂದು ತುದಿ ಎಳೆದರೆ ಬಿಚ್ಚಿಕೊಳ್ಳಬೇಕು. ‘ಜೀರುಗುಣಿಕೆ’ ಅನ್ನೋಣವೆಂದರೆ ಅದು ಎಳೆದಷ್ಟೂ ಬಿಗಿಯುವಂಥದ್ದು, ಕೊರಳಿನ ವಿಷಯದಲ್ಲಿ ಬೇಡ. ಶಿರಸಿ, ಸಿದ್ದಾಪುರ ಕಡೆಯವರು ದನ ಕಟ್ಟುವ ಕಣ್ಣಿಹಗ್ಗಕ್ಕೆ, ಅಡಿಕೆ ಕೊನೆ ಇಳಿಸುವ ಹಗ್ಗಕ್ಕೆ ಹೀಗೆ ಬಿಚ್ಚುವ ಗಂಟು ಹಾಕುತ್ತೀರಾ? ಹಾಕಿದರೆ ಮನೆಯಲ್ಲಿ ಅದಕ್ಕೆ ಏನನ್ನುತ್ತೀರಿ?