ಅಪ್‌ಡೇಟ್: ಡೋರ್ಡೋನ್ ಏರುಗಳಿಗೆ ಯಾವ ಗೇರ್?

ಫ್ರಾನ್ಸಿನ ಡೋರ್ಡೋನ್ ಕಣಿವೆ ಸುತ್ತೋಕೆ ನನ್ನ ರೋಡ್ ಬೈಕ್ ಸೈಕಲ್ಲಿಗೆ 28 ಹಲ್ಲಿನ ಕ್ಯಾಸೆಟ್ (ಹಿಂದಿನ ಚಕ್ರದ ಗೇರ್ ಸೆಟ್; ಅದರ ದೊಡ್ಡ ಗೇರಿನಲ್ಲಿ ಹಲ್ಲು ಹೆಚ್ಚಿದ್ದಷ್ಟೂ ಏರು ಹತ್ತೋದು ಹಗುರ) ಸಾಕಾ ಅಂತ ಕೇಳಿದ್ದೆ. 34 ಹಾಕಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಅದನ್ನೇ ಹಾಕಿಸಿಕೊಂಡು ಹೋಗಿ ಬಂದೆ.

ಇಲ್ಲಿ ಆಲ್ಪ್ಸ್ ಥರ ಉದ್ದದ ಘಾಟ್ ಇಲ್ಲ. ಏರುಗಳು ಚಿಕ್ಕವು, ಆದರೆ ಕಡಿದು. ಒಂದು ಮುಗಿಯೋ ಹೊತ್ತಿಗೆ ಇನ್ನೊಂದು. ನದಿ ಪಕ್ಕ ಆರಾಮಾಗಿ ತುಳಿಯುತ್ತಿದ್ದೆ, ಡೋಮ್ ಊರಿನ ಕಡೆ ತಿರುಗಿದ್ದೇ ತಡ, ಏದುಸಿರು! 1281ರಲ್ಲಿ ಬಂಡೆಯ ನೆತ್ತಿ ಮೇಲೆ ಕಟ್ಟಿದ ಕೋಟೆ ಊರು ಅದು. ಶತ್ರುಗಳಿಗೂ ಹತ್ತೋದು ಕಷ್ಟವೇ ಆಗಿರಬೇಕು, ಅಲ್ವಾ? ಮೇಲೆ ನಿಂತರೆ ನದಿಯ ತಿರುವು, ಅದರ ದಡದ ಹೊಲಗಳು ಪೂರ್ತಿ ಕಾಣುತ್ತವೆ. ಅಷ್ಟು ಚೆಂದದ ನೋಟ ನಾನು ಬೇರೆಲ್ಲೂ ನೋಡಿಲ್ಲ.

ಹೋಗುವವರು ಗಮನಿಸಿ: ಹಳ್ಳಿ ಅಂಗಡಿಗಳು ಮಧ್ಯಾಹ್ನ ಮುಚ್ಚಿರುತ್ತವೆ. ನೀರು, ಬ್ರೆಡ್ಡು ಬೆಳಿಗ್ಗೆಯೇ ತುಂಬಿಕೊಳ್ಳಿ.