ರೇಕ್ಯಾನೆಸ್ ರಿಡ್ಜ್‌ನ ಬಸಾಲ್ಟ್: ಮ್ಯಾಂಟಲ್ ಮೂಲವೇ ಬೇರೆಯೋ, ಕರಗಿದ ಪ್ರಮಾಣವೋ?

ಕರಿಗಲ್ಲು: ಐಸ್‌ಲ್ಯಾಂಡಿನ ನೈಋತ್ಯಕ್ಕೆ ಚಾಚಿರುವ ಸಾಗರತಳದ ಪರ್ವತಸಾಲು ರೇಕ್ಯಾನೆಸ್ ರಿಡ್ಜ್‌ನಲ್ಲಿ ದ್ವೀಪ ಹತ್ತಿರವಾದಂತೆ ಬಸಾಲ್ಟ್‌ನ (ಲಾವಾ ಆರಿ ಆದ ಕಲ್ಲಿನ) ಲ್ಯಾಂಥನಮ್/ಸಮೇರಿಯಮ್ ಅನುಪಾತ ಏರುತ್ತದೆ. ಮ್ಯಾಂಟಲ್ (ಭೂಚಿಪ್ಪಿನಡಿಯ ಬಂಡೆಯ ಪದರ) ಕಡಿಮೆ ಕರಗಿದರೂ, ಲ್ಯಾಂಥನಮ್ ಬೇಗ ದ್ರವಕ್ಕೆ ಬರುವುದರಿಂದ, ಹೀಗೇ ಏರುತ್ತದಲ್ಲ? ಮೂಲವೇ ಬೇರೆ ಎನ್ನುವುದು ಹೇಗೆ?

ಸೋಡಿಯಂ ಪಕ್ಷ: ಸೋಡಿಯಂ ಜೊತೆಗಿಟ್ಟು ನೋಡಿ. ಮೊದಲು ಹರಳುಗಟ್ಟುವಿಕೆಯ ಪ್ರಭಾವ ಕಳೆಯಬೇಕು: ಸೋಡಿಯಂ ಆಕ್ಸೈಡ್‌ಗೆ ಮೆಗ್ನೀಷಿಯಂ ಆಕ್ಸೈಡ್‌ನ 0.373 ಪಟ್ಟು ಕೂಡಿಸಿ 2.98 ಕಳೆದರೆ, ಮೆಗ್ನೀಷಿಯಂ ಆಕ್ಸೈಡ್ 8% ಇದ್ದಾಗಿನ ಸೋಡಿಯಂ ಸಿಗುತ್ತದೆ (ಕ್ಲೈನ್ ಮತ್ತು ಲ್ಯಾಂಗ್‌ಮ್ಯೂರ್, 1987). ಮೆಗ್ನೀಷಿಯಂ 5ರಿಂದ 8.5% ಇರುವ ಮಾದರಿಗಳಿಗೆ ಮಾತ್ರ ಬಳಸಿ. ಕಡಿಮೆ ಕರಗಿದ್ದೇ ಕಾರಣವಾಗಿದ್ದರೆ ಸೋಡಿಯಂ ಕೂಡ ಏರಬೇಕಿತ್ತು. ಇಲ್ಲಿ ಅದು ಇಳಿಯುತ್ತದೆ. ಸಾಗರತಳದ ಚಿಪ್ಪು ಸಾಮಾನ್ಯವಾಗಿ 6–7 ಕಿ.ಮೀ. ದಪ್ಪ, ಐಸ್‌ಲ್ಯಾಂಡಿನಡಿ 20–40, ಅಂದರೆ ಅಲ್ಲಿ ಮ್ಯಾಂಟಲ್ ಹೆಚ್ಚೇ ಕರಗಿದೆ. ಹೆಚ್ಚು ಕರಗಿಯೂ ಲ್ಯಾಂಥನಮ್ ಜಾಸ್ತಿ ಎಂದರೆ ಮೂಲದಲ್ಲೇ ಅದು ಹೆಚ್ಚಿತ್ತು.

ಗಾಜಿನ ಚೂರು: ಸರಿ, ಆದರೆ ಸೋಡಿಯಂ ಕೂಡ ಮೂಲದ ಸಂಯೋಜನೆಯಿಂದ ಅಲುಗಾಡುತ್ತದೆ. ತೀರ್ಪು ಐಸೊಟೋಪ್‌ಗಳದ್ದೇ. ಕರಗುವುದರಿಂದಾಗಲಿ ಹರಳುಗಟ್ಟುವುದರಿಂದಾಗಲಿ ಸ್ಟ್ರಾನ್ಷಿಯಂ 87/86 ಬದಲಾಗದು. ಕ್ಷಯಿಸಿ ಸ್ಟ್ರಾನ್ಷಿಯಂ-87 ಆಗುವ ರುಬಿಡಿಯಂ-87ರ ಅರ್ಧಾಯುಷ್ಯ ಸುಮಾರು 4,900 ಕೋಟಿ ವರ್ಷ. ಮೂರನೆಯ ದಶಮಾಂಶದಲ್ಲಿ ವ್ಯತ್ಯಾಸ ಕಂಡರೂ ಆ ಮ್ಯಾಂಟಲ್ ಭಾಗಗಳು ಬಹುಕಾಲ ಬೇರೆಬೇರೆಯಾಗಿಯೇ ಇದ್ದವು ಎಂದರ್ಥ.

ಈ ಸ್ಟ್ರಾನ್ಷಿಯಂ ಅನುಪಾತ ಕೆಡುವುದು ಸಮುದ್ರದ ನೀರಿನಿಂದ. ಶುದ್ಧ ಬಸಾಲ್ಟ್ ಸುಮಾರು 0.7025–0.7030, ಸಮುದ್ರ 0.7092. ಸೂಕ್ಷ್ಮದರ್ಶಕದಡಿ ತಾಜಾ ಗಾಜಿನ (ಥಟ್ಟನೆ ತಣಿದ ಲಾವಾದ) ಚೂರುಗಳನ್ನಷ್ಟೇ ಆರಿಸಿ, ಹಳದಿ ಪಲಗೊನೈಟ್ (ನೀರಿನಿಂದ ಮಾರ್ಪಟ್ಟ ಗಾಜು), ಕಪ್ಪು ಮ್ಯಾಂಗನೀಸ್ ಲೇಪ ಇದ್ದದ್ದನ್ನು ಎಸೆಯಿರಿ. 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಿಸಿಯಾಗಿ ತೊಳೆದು, ಶುದ್ಧ ನೀರಲ್ಲಿ ಜಾಲಿಸಿ. ನಿಯೋಡಿಮಿಯಂ ಐಸೊಟೋಪ್ ಅನುಪಾತ ಕದಲದೆ ಸ್ಟ್ರಾನ್ಷಿಯಂನದು ಮಾತ್ರ ಮೇಲೆ ಹೋಗಿದ್ದರೆ ಇನ್ನೂ ತೊಳೆಯಬೇಕು. ಮ್ಯಾಂಗನೀಸ್ ಲೇಪ ಉಳಿದರೆ ಮಾತ್ರ ಈ ಪರೀಕ್ಷೆ ಕೈಕೊಡುತ್ತದೆ: ಅದರಲ್ಲಿ ಸಮುದ್ರದ ನಿಯೋಡಿಮಿಯಂ, ಸೀಸ ಎರಡೂ ತುಂಬಿರುತ್ತವೆ.

ಗುಳ್ಳೆ: ಹೀಲಿಯಂ ಕೂಡ ಅಳೆಯಿರಿ. ರಿಡ್ಜ್ ಬಸಾಲ್ಟ್‌ನಲ್ಲಿ ಹೀಲಿಯಂ 3/4 ಅನುಪಾತ ಗಾಳಿಯದರ 8 ಪಟ್ಟು, ಒಂದು ಆಚೀಚೆ. ಐಸ್‌ಲ್ಯಾಂಡ್ ಕಡೆ ಅದಕ್ಕಿಂತ ಬಹಳ ಹೆಚ್ಚು. ಗಾಜನ್ನು ನಿರ್ವಾತದಲ್ಲಿ ಪುಡಿಮಾಡಿ ಗುಳ್ಳೆಯ ಅನಿಲವನ್ನಷ್ಟೇ ತೆಗೆಯಿರಿ. ಕರಗಿಸಿದರೆ ಯುರೇನಿಯಂ, ಥೋರಿಯಂನಿಂದ ಆಮೇಲೆ ಹುಟ್ಟಿದ ಹೀಲಿಯಂ-4 ಬೆರೆತು ಅನುಪಾತ ಇಳಿದುಬಿಡುತ್ತದೆ. ಹೀಲಿಯಂ 3/4 ಏರಿದಲ್ಲೆಲ್ಲ ಸ್ಟ್ರಾನ್ಷಿಯಂ 87/86 ಏರಬೇಕೆಂದಿಲ್ಲ, ಎರಡನ್ನೂ ಒಂದೇ 'ಸಮೃದ್ಧ ಮೂಲ'ಕ್ಕೆ ಕಟ್ಟಬೇಡಿ.

ಮುಂದೆ ಹಿಂದೂ ಮಹಾಸಾಗರದ ರಿಡ್ಜ್‌ಗೆ ಇದೇ ಲೆಕ್ಕ ಹಾಕುವುದಾದರೆ ಉತ್ತರ ಅಟ್ಲಾಂಟಿಕ್ ಅಳತೆಗೋಲು ನಡೆಯದು. ಅಲ್ಲಿ ಸೀಸ 206/204ರ ಅದೇ ಮೌಲ್ಯಕ್ಕೆ 208/204 ಹೆಚ್ಚು, ಸ್ಟ್ರಾನ್ಷಿಯಂ 87/86 ಕೂಡ ಹೆಚ್ಚು. ಡೂಪಾಲ್ ವೈಚಿತ್ರ್ಯ ಎನ್ನುವುದು ಇದನ್ನೇ.